ಹಾಡುಹಕ್ಕಿಗಳ ಪಟ್ಟಿಯಿಂದ ಹುಲ್ಲುಗಾವಲನ್ನು ಅಳೆಯಬೇಡಿ: ಅರಣ್ಯ ಇಲಾಖೆಗೆ ಮತ್ತು ಜೀವವೈವಿಧ್ಯ ಮಂಡಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಪ್ರಧಾನ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿಗಳು (ವನ್ಯಜೀವಿ) ಹಾಗೂ ಮುಖ್ಯ ವನ್ಯಜೀವಿ ಪರಿಪಾಲಕರು,
ಮತ್ತು
ಸದಸ್ಯ ಕಾರ್ಯದರ್ಶಿಗಳು, ಕರ್ನಾಟಕ ಜೀವವೈವಿಧ್ಯ ಮಂಡಳಿ,
ಮಲ್ಲೇಶ್ವರ, ಬೆಂಗಳೂರು.

ವಿಷಯ: ಹೆಸರಘಟ್ಟ ಹಾಗೂ ಬೆಂಗಳೂರು ಸುತ್ತಲಿನ ಇತರ ಹುಲ್ಲುಗಾವಲುಗಳ ಸಮೀಕ್ಷೆಯಲ್ಲಿ ಬಿಲವಾಸಿ ಪ್ರಾಣಿಗಳನ್ನೂ ಎಣಿಸುವಂತೆ ಕೋರಿಕೆ.

ಮಾನ್ಯರೇ,

2021ರಲ್ಲಿ ಒಮ್ಮೆ ತಳ್ಳಿಹಾಕಲಾಗಿದ್ದ ಹೆಸರಘಟ್ಟ ಹುಲ್ಲುಗಾವಲಿನ ಪ್ರಸ್ತಾವಕ್ಕೆ ರಾಜ್ಯ ವನ್ಯಜೀವಿ ಮಂಡಳಿಯು 2024ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ನೀಡಿ, ಸುಮಾರು 5,678 ಎಕರೆ ಪ್ರದೇಶವನ್ನು ಸಂರಕ್ಷಣಾ ಮೀಸಲು ಪ್ರದೇಶವಾಗಿ ಉಳಿಸಿಕೊಳ್ಳಲು ದಾರಿ ಮಾಡಿಕೊಟ್ಟಿತು. ಉತ್ತರ ಬೆಂಗಳೂರಿನಲ್ಲಿ ವಾಸಿಸುವ, ಪಕ್ಷಿ ಗಣತಿಗಳಲ್ಲಿ ಸ್ವಯಂಸೇವಕನಾಗಿ ಪಾಲ್ಗೊಳ್ಳುವ ನನ್ನಂಥವರಿಗೆ ಇದು ಬಹುಕಾಲದಿಂದ ಕಾಯುತ್ತಿದ್ದ ಸುದ್ದಿ. ಆದರೆ ಗಡಿ ಗುರುತಿಸಿದ ಮಾತ್ರಕ್ಕೆ ಹುಲ್ಲು ಉಳಿಯುವುದಿಲ್ಲ. ಆ ಗಡಿಯೊಳಗೆ ಏನನ್ನು ಬೆಳೆಯಗೊಡಬೇಕು, ಏನನ್ನು ತಡೆಯಬೇಕು, ಯಾರ ದನ ಎಲ್ಲಿ ಮೇಯಬೇಕು ಎಂಬುದನ್ನೆಲ್ಲ ನಿರ್ವಹಣಾ ಯೋಜನೆಯೊಂದು ತೀರ್ಮಾನಿಸಬೇಕಾಗುತ್ತದೆ. ಆ ಯೋಜನೆ ಯಾವ ಜೀವಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಸಿದ್ಧವಾಗುತ್ತದೆ ಎನ್ನುವುದು, ಸಮೀಕ್ಷೆಗೆ ಹೋದವರು ಯಾವ ಜೀವಿಗಳನ್ನು ಎಣಿಸಿಕೊಂಡು ಬಂದರು ಎಂಬುದರ ಮೇಲೆ ನಿಂತಿರುತ್ತದೆ.

ನಮ್ಮ ಊರಿನಲ್ಲಿ ಎಣಿಕೆ ಎಂದರೆ ಹಕ್ಕಿಗಳ ಎಣಿಕೆ. ಕೆರೆಯಿರಲಿ, ಉದ್ಯಾನವಿರಲಿ, ಗೋಮಾಳವಿರಲಿ, ಅದರ ಆರೋಗ್ಯದ ಬಗ್ಗೆ ಯಾರಾದರೂ ಕೇಳಿದರೆ ನಾವು ಮುಂದಿಡುವುದು ಅಲ್ಲಿ ಕಂಡ ಪಕ್ಷಿ ಪ್ರಭೇದಗಳ ಸಂಖ್ಯೆಯನ್ನು. ಯೋಜನೆಗಳ ಪರಿಸರ ಪರಿಣಾಮ ವರದಿಗಳಲ್ಲಿಯೂ ಪಕ್ಷಿಗಳ ಪಟ್ಟಿ ಉದ್ದವಾಗಿರುತ್ತದೆ, ಸಸ್ತನಿಗಳದ್ದು ನಾಲ್ಕಾರು ಸಾಲುಗಳಲ್ಲಿ ಮುಗಿದುಹೋಗುತ್ತದೆ. ಕೆರೆಯ ವಿಷಯದಲ್ಲಿ ಈ ಅಳತೆಗೋಲು ತಕ್ಕಮಟ್ಟಿಗೆ ಕೆಲಸ ಮಾಡಬಹುದು. ಹುಲ್ಲುಗಾವಲಿನ ವಿಷಯದಲ್ಲಿ ಅದು ನಮ್ಮನ್ನು ತಪ್ಪು ದಾರಿಗೆ ಎಳೆಯುತ್ತದೆ ಎಂಬುದನ್ನು ತಮ್ಮ ಗಮನಕ್ಕೆ ತರುವುದೇ ಈ ಪತ್ರದ ಉದ್ದೇಶ. ಅದಕ್ಕಾಗಿ ದೂರದ ಯುರೋಪಿನ ಹುಲ್ಲು ಬಯಲುಗಳಲ್ಲಿ ಒಂದೇ ನೆಲವನ್ನು ಹಂಚಿಕೊಂಡಿರುವ ಎರಡು ಜೀವಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಲು ಅನುಮತಿ ಕೋರುತ್ತೇನೆ. ಒಂದು, ಸ್ಕೈಲಾರ್ಕ್ ಎಂಬ ಸಾಮಾನ್ಯ ಹಾಡುಹಕ್ಕಿ. ಇನ್ನೊಂದು, ಸೂಸ್ಲಿಕ್ ಎಂದು ಕರೆಯಲಾಗುವ, ಅಳಿವಿನಂಚಿಗೆ ಬಂದಿರುವ ಯುರೋಪಿನ ನೆಲ ಅಳಿಲು.

ಸ್ಕೈಲಾರ್ಕ್ ನಮ್ಮ ನೆಲಗುಬ್ಬಿಗಳ ಬಳಗದ್ದು. ಹೆಸರಘಟ್ಟದಲ್ಲಿ ಬಾನಿಗೇರಿ ಹಾಡುವ ಓರಿಯೆಂಟಲ್ ಸ್ಕೈಲಾರ್ಕ್ ಅದರ ಹತ್ತಿರದ ದಾಯಾದಿ. ಸುಮಾರು 40 ಗ್ರಾಂ ತೂಗುವ ಈ ಹಕ್ಕಿ ನೆಲದ ಮೇಲೆ ಹುಲ್ಲಿನ ಮರೆಯಲ್ಲಿ ಗೂಡು ಮಾಡಿ, ಸಾಮಾನ್ಯವಾಗಿ ಮೂರರಿಂದ ಐದು ಮೊಟ್ಟೆಯಿಟ್ಟು, ಹನ್ನೊಂದು ಹನ್ನೆರಡು ದಿನಗಳಲ್ಲಿ ಮರಿ ಮಾಡುತ್ತದೆ. ಮರಿಗಳು ಹಾರಲು ಕಲಿಯುವ ಮೊದಲೇ, ಹತ್ತು ದಿನ ತುಂಬುವುದರೊಳಗೆ ಗೂಡು ಬಿಟ್ಟು ಹುಲ್ಲಿನೊಳಗೆ ಚದುರುತ್ತವೆ. ಒಂದು ಗೂಡು ಟ್ರ್ಯಾಕ್ಟರ್ ಚಕ್ರಕ್ಕೋ ನರಿಯ ಬಾಯಿಗೋ ಹೋದರೆ ತಾಯಿ ಅದೇ ಋತುವಿನಲ್ಲಿ ಮತ್ತೊಂದು ಗೂಡು ಕಟ್ಟುತ್ತದೆ. ಒಂದು ಬೇಸಿಗೆಯಲ್ಲಿ ಎರಡು ಮೂರು ಸಂಸಾರ ಹೂಡುವುದು ಅದರ ಸಹಜ ಕ್ರಮ. ನೈಸರ್ಗಿಕ ಹುಲ್ಲು ಸಿಗದಿದ್ದರೆ ಗೋಧಿ, ಬಾರ್ಲಿ ಹೊಲಗಳಲ್ಲಿಯೂ ಇರಬಲ್ಲದು. ಯುರೋಪಿನಿಂದ ಏಷ್ಯಾದ ಉದ್ದಕ್ಕೂ ಹರಡಿರುವ ಇದನ್ನು ಐಯುಸಿಎನ್ (ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ) ಸಿದ್ಧಪಡಿಸುವ, ಜೀವಿಗಳ ಅಳಿವಿನ ಅಪಾಯವನ್ನು ಅಳೆಯುವ ಕೆಂಪು ಪಟ್ಟಿಯು ಕನಿಷ್ಠ ಕಾಳಜಿಯ ವರ್ಗದಲ್ಲಿಟ್ಟಿದೆ.

ಸೂಸ್ಲಿಕ್‌ನ ಬದುಕು ಇದಕ್ಕೆ ತೀರ ಬೇರೆ. ಸುಮಾರು 20 ಸೆಂಟಿಮೀಟರ್ ಉದ್ದದ, 200ರಿಂದ 400 ಗ್ರಾಂ ತೂಗುವ ಈ ಅಳಿಲು ಮರ ಹತ್ತುವ ಜಾತಿಯದ್ದಲ್ಲ. ನೆಲದೊಳಗೆ ಬಿಲ ತೋಡಿ ಗುಂಪುಗುಂಪಾಗಿ ನೆಲೆಸುತ್ತದೆ. ಹಿಂಗಾಲುಗಳ ಮೇಲೆ ನೆಟ್ಟಗೆ ನಿಂತು ಸುತ್ತ ನೋಡಿ, ಗಿಡುಗನೋ ನರಿಯೋ ಕಂಡರೆ ಸಿಳ್ಳೆ ಹಾಕಿ ಉಳಿದವಕ್ಕೆ ಎಚ್ಚರಿಕೆ ಕೊಡುತ್ತದೆ. ಹೀಗೆ ಕಾವಲು ಕಾಯಲು ಎದುರಿನ ಬಯಲು ಕಣ್ಣಿಗೆ ನಿಲುಕಬೇಕು, ಆದ್ದರಿಂದ ಹುಲ್ಲು ಗೇಣುದ್ದ ದಾಟಿ ಬೆಳೆದ ಕಡೆ ಅದು ನಿಲ್ಲುವುದಿಲ್ಲ. ವರ್ಷದ ಅರ್ಧದಷ್ಟು ಕಾಲ ಬಿಲದೊಳಗೆ ಶಿಶಿರನಿದ್ರೆಯಲ್ಲಿರುವ ಅದಕ್ಕೆ ಉಣ್ಣಲು, ಕೂಡಲು, ಮರಿ ಸಾಕಲು, ಮೈಯಲ್ಲಿ ಕೊಬ್ಬು ಕೂಡಿಹಾಕಲು ಸಿಗುವುದು ವಸಂತ ಮತ್ತು ಬೇಸಿಗೆಯ ಕೆಲವೇ ತಿಂಗಳು. ಹೀಗಾಗಿ ವರ್ಷಕ್ಕೆ ಒಂದೇ ಸೂಲು. ಅದು ಮಳೆಗೆ ಕೊಚ್ಚಿಹೋದರೆ ಆ ವರ್ಷಕ್ಕೆ ಬೇರೆ ಅವಕಾಶವಿಲ್ಲ. ಬೆಳೆದ ಮರಿಗಳು ಹುಟ್ಟಿದ ಬಿಲದಿಂದ ಬಹು ದೂರ ಹೋಗುವುದೂ ಅಪರೂಪ. ನಡುವೆ ಒಂದು ಹೆದ್ದಾರಿಯೋ ಉತ್ತ ಹೊಲವೋ ಬಂದರೆ ಆಚೆಯ ಗುಂಪಿಗೂ ಈಚೆಯ ಗುಂಪಿಗೂ ಸಂಬಂಧ ಕಡಿಯುತ್ತದೆ.

ಆಸ್ಟ್ರಿಯಾ, ಹಂಗೆರಿಗಳಿಂದ ಹಿಡಿದು ಬಲ್ಗೇರಿಯಾ, ಗ್ರೀಸ್, ಉಕ್ರೇನ್‌ವರೆಗಿನ ಬಯಲುಗಳಲ್ಲಿ ಈ ಪ್ರಾಣಿ ಒಂದು ಕಾಲಕ್ಕೆ ಎಷ್ಟು ಹೇರಳವಾಗಿತ್ತೆಂದರೆ, ಅದನ್ನು ಬೆಳೆಗೆ ಕಂಟಕವೆಂದು ಎಣಿಸಿ ಕೊಲ್ಲಲಾಗುತ್ತಿತ್ತು. ಆದರೆ ಅದರ ಸಂಖ್ಯೆ ಕುಸಿದದ್ದು ಮುಖ್ಯವಾಗಿ ಆ ಕೊಲೆಯಿಂದಲ್ಲ. ಹುಲ್ಲು ಬಯಲುಗಳಲ್ಲಿ ಕೆಲವನ್ನು ಉತ್ತರು, ಕೆಲವಕ್ಕೆ ಮರ ನೆಟ್ಟರು. ಇನ್ನೂ ಕೆಲವು ಕಡೆ ಕುರಿ, ದನ ಮೇಯಿಸುವವರೇ ಇಲ್ಲವಾಗಿ ಹುಲ್ಲು ಎತ್ತರಕ್ಕೆ ಬೆಳೆದು ಪೊದೆಗಟ್ಟಿತು. ಜರ್ಮನಿ ಮತ್ತು ಪೋಲೆಂಡ್‌ಗಳಿಂದ ಸೂಸ್ಲಿಕ್ ಕಳೆದ ಶತಮಾನದಲ್ಲಿ ಪೂರ್ತಿಯಾಗಿ ಮರೆಯಾಯಿತು. ಪೋಲೆಂಡಿನವರು 2005ರಿಂದ ಅದನ್ನು ಬೇರೆ ಕಡೆಯಿಂದ ತಂದು ಕಾಮಿಯೆನ್ ಶ್ಲಾಂಸ್ಕಿ ಎಂಬಲ್ಲಿನ ವಿಮಾನಾಂಗಣದ ಹುಲ್ಲಿನಲ್ಲಿ ಮತ್ತೆ ನೆಲೆಗೊಳಿಸಬೇಕಾಯಿತು. ಮಧ್ಯ ಯುರೋಪಿನಲ್ಲಿ ಇಂದು ಅದರ ಆಶ್ರಯತಾಣಗಳು ಬಹುಪಾಲು ಇಂಥವೇ: ಸಣ್ಣ ವಿಮಾನಗಳು ಇಳಿಯುವ ಹುಲ್ಲಿನ ಓಡುದಾರಿ, ಗಾಲ್ಫ್ ಮೈದಾನ, ಪ್ರವಾಸಿಗರು ಡೇರೆ ಹಾಕುವ ಬಯಲು. ಪ್ರಕೃತಿ ರಕ್ಷಣೆಗೆಂದು ಮೀಸಲಿಟ್ಟು, ಮೇವನ್ನೂ ನಿಲ್ಲಿಸಿ, ಕೈಕಟ್ಟಿ ಕೂತ ಜಾಗಗಳಿಗಿಂತ ಯಂತ್ರದಿಂದ ಹುಲ್ಲು ಕತ್ತರಿಸುತ್ತಿದ್ದ ಈ ಜಾಗಗಳು ಅದಕ್ಕೆ ಹಿತವಾದವು. ಹೆಸರಘಟ್ಟಕ್ಕೆ ಬೇಲಿ ಹಾಕಿದರೆ ಸಾಕು ಎಂದು ವಾದಿಸುವ ನನ್ನ ಕೆಲವು ಗೆಳೆಯರು ಈ ಸಂಗತಿಯನ್ನು ಗಮನಿಸಬೇಕೆಂದು ನನ್ನ ವಿನಂತಿ.

2020ರಲ್ಲಿ ಐಯುಸಿಎನ್ ಸೂಸ್ಲಿಕ್‌ನ ದರ್ಜೆಯನ್ನು ಬದಲಿಸಿ ಅಳಿವಿನಂಚಿನ ವರ್ಗಕ್ಕೆ ಸೇರಿಸಿತು. ಇಲ್ಲೊಂದು ಮುಖ್ಯ ವಿಷಯವಿದೆ. ಒಳ್ಳೆಯ ನೆಲೆಯೊಂದರ ಅಂಚಿನಲ್ಲಿ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ನಿಂತವರಿಗೆ ಇಂದಿಗೂ ಡಜನ್‌ಗಟ್ಟಲೆ ಸೂಸ್ಲಿಕ್‌ಗಳು ಕಾಣಬಹುದು. ಇಷ್ಟೊಂದಿರುವಾಗ ಅಳಿವು ಎಲ್ಲಿಂದ ಬಂತು ಎಂದು ಅವರು ಕೇಳಿದರೆ ಆಶ್ಚರ್ಯವಿಲ್ಲ. ಕೆಂಪು ಪಟ್ಟಿಯ ಮಾನದಂಡಗಳು ಎಷ್ಟಿವೆ ಎಂದು ಮಾತ್ರ ಕೇಳುವುದಿಲ್ಲ, ಎಷ್ಟು ಬೇಗ ಕಡಿಮೆಯಾಗುತ್ತಿವೆ ಎಂದೂ ಕೇಳುತ್ತವೆ. ಹತ್ತು ವರ್ಷ ಅಥವಾ ಮೂರು ತಲೆಮಾರು, ಇವುಗಳಲ್ಲಿ ಯಾವುದು ದೀರ್ಘವೋ ಆ ಅವಧಿಯಲ್ಲಿ ಒಂದು ಪ್ರಭೇದದ ಸಂಖ್ಯೆ ಅರ್ಧಕ್ಕೂ ಹೆಚ್ಚು ಕುಸಿದು, ಕುಸಿತದ ಕಾರಣ ಇನ್ನೂ ನಿಂತಿಲ್ಲವೆಂದಾದರೆ, ಉಳಿದವು ಸಾವಿರಗಟ್ಟಲೆ ಇದ್ದರೂ ಅದು ಅಳಿವಿನಂಚಿನದ್ದೇ. ಆದ್ದರಿಂದ ಒಂದು ದಿನ ಹೋಗಿ ನೋಡಿ ಬರೆಯುವ ವರದಿಯಿಂದ ಇಂಥ ಸ್ಥಿತಿಯನ್ನು ಪತ್ತೆಹಚ್ಚುವುದು ಸಾಧ್ಯವೇ ಇಲ್ಲ. ಅದೇ ಜಾಗಕ್ಕೆ, ಅದೇ ತಿಂಗಳಲ್ಲಿ, ಅದೇ ಕ್ರಮದಲ್ಲಿ ವರ್ಷವರ್ಷವೂ ಹೋಗಿ ಎಣಿಸಬೇಕು.

ಈಗ ಇವೆರಡನ್ನೂ ಒಂದೇ ಬಯಲಿನಲ್ಲಿ ಕಲ್ಪಿಸಿಕೊಳ್ಳೋಣ. ಮೇವು ನಿಂತು ಹುಲ್ಲು ಮೊಣಕಾಲಿನ ಮಟ್ಟಕ್ಕೆ ಬೆಳೆಯಿತು ಎನ್ನಿ. ಸ್ಕೈಲಾರ್ಕ್‌ಗೆ ಗೂಡು ಮರೆಮಾಡಲು ಸ್ವಲ್ಪ ಎತ್ತರದ ಹುಲ್ಲು ಅನುಕೂಲವೇ ಆದ್ದರಿಂದ ಅದು ಮುಂದಿನ ಕೆಲವು ವಸಂತಗಳಲ್ಲಿಯೂ ಬಾನಿಗೇರಿ ಹಾಡುತ್ತದೆ. ಗಣತಿಗೆ ಬಂದವರು ಹಾಡು ಕೇಳಿ, ಪಟ್ಟಿಯಲ್ಲಿ ಗುರುತು ಹಾಕಿಕೊಂಡು, ಬಯಲು ಕ್ಷೇಮವಾಗಿದೆ ಎಂದು ಬರೆದು ಹೋಗುತ್ತಾರೆ. ಅಷ್ಟರಲ್ಲಿ ಅವರ ಕಾಲ ಕೆಳಗಿನ ಬಿಲಗಳು ಖಾಲಿಯಾಗಿರುತ್ತವೆ. ಸೂಸ್ಲಿಕ್ ಜೊತೆಗೆ ಇನ್ನೂ ಕೆಲವು ಜೀವಿಗಳು ಹೋಗಿರುತ್ತವೆ, ಏಕೆಂದರೆ ಪೂರ್ವ ಯುರೋಪಿನ ಸೇಕರ್ ಫಾಲ್ಕನ್ ಮತ್ತು ಇಂಪೀರಿಯಲ್ ಹದ್ದುಗಳಿಗೆ ಅದು ಪ್ರಮುಖ ಆಹಾರ. ಅದು ತೋಡಿ ಬಿಟ್ಟ ಬಿಲಗಳಲ್ಲಿ ಕಪ್ಪೆ, ಹಲ್ಲಿ, ಸಗಣಿ ಹುಳುಗಳು ವಾಸ ಮಾಡುತ್ತವೆ. ಹಕ್ಕಿಯ ಹಾಡಿನಿಂದ ಈ ಯಾವ ನಷ್ಟವೂ ತಿಳಿಯುವುದಿಲ್ಲ.

ಬೆಂಗಳೂರಿನಲ್ಲಿ ಪರಿಸ್ಥಿತಿ ಇನ್ನೂ ವಿಚಿತ್ರವಾಗಿದೆ. ನಮ್ಮಲ್ಲಿ ಹುಲ್ಲುಗಾವಲು ಹಾಳಾದಾಗ ಹಕ್ಕಿಗಳ ಪಟ್ಟಿ ಮೊದಲಿನಷ್ಟೇ ಇರುವುದಷ್ಟೇ ಅಲ್ಲ, ಎಷ್ಟೋ ಸಲ ಮೊದಲಿಗಿಂತ ಉದ್ದವಾಗುತ್ತದೆ. ಹುಲ್ಲು ಮಾತ್ರವಿದ್ದ ಜಾಗದಲ್ಲಿ ಸಾಲಾಗಿ ಹೊಂಗೆ, ಅಕೇಶಿಯಾ ನೆಟ್ಟರೆ, ಅಥವಾ ಬಡಾವಣೆ ಬಂದು ಮನೆಗಳ ಮುಂದೆ ದಾಸವಾಳ, ಬೋಗನ್‌ವಿಲ್ಲಾ ಬೆಳೆದರೆ, ಕೆಮ್ಮೀಸೆ ಪಿಕಳಾರ, ಸೂರಕ್ಕಿ, ಟುವ್ವಿ, ಮಡಿವಾಳ ಹಕ್ಕಿಗಳೆಲ್ಲ ಒಂದೊಂದಾಗಿ ಬಂದು ಸೇರುತ್ತವೆ. ಹೋಗುವುದು ನೆಲಗುಬ್ಬಿ, ಪಿಪಿಟ್‌ಗಳಂಥ ಕೆಲವೇ ಹಕ್ಕಿಗಳು. ಕೂಡಿ ಕಳೆದರೆ ಮೊತ್ತ ಹೆಚ್ಚಾಗಿರುತ್ತದೆ! ಪಿಕಳಾರದ ಮೇಲೆ ನನಗೆ ಯಾವ ಮುನಿಸೂ ಇಲ್ಲ. ಬೆಳಗಿನ ಹೊತ್ತು ಅದರ ದನಿ ಕೇಳದ ಬೆಂಗಳೂರನ್ನು ನಾನು ಬಯಸುವವನೂ ಅಲ್ಲ. ಆದರೆ ಬಾಲ್ಕನಿಯ ಕುಂಡದಲ್ಲಿಯೂ ಗೂಡು ಕಟ್ಟಬಲ್ಲ, ಮನುಷ್ಯರು ಒಯ್ದು ಬಿಟ್ಟ ಮಾರಿಷಸ್, ಆಸ್ಟ್ರೇಲಿಯಾ, ಫ್ಲಾರಿಡಾಗಳಲ್ಲಿಯೂ ನೆಲೆಯೂರಿ ಬೆಳೆದ ಹಕ್ಕಿಯೊಂದರ ಹಾಜರಾತಿಯಿಂದ ಯಾವ ನೆಲದ ಬಗ್ಗೆಯೂ ವಿಶೇಷವಾದದ್ದೇನೂ ತಿಳಿಯುವುದಿಲ್ಲ. ಅದನ್ನು ನೆಲಗುಬ್ಬಿಯೊಂದಿಗೆ ಒಂದೇ ಪಟ್ಟಿಯಲ್ಲಿ ಸಮಾನ ಅಂಕ ಕೊಟ್ಟು ಕೂಡಿಸುವುದು, ಊರಿಗೆ ಬಂದ ನೆಂಟರನ್ನೂ ಊರಲ್ಲೇ ಹುಟ್ಟಿ ಬೆಳೆದವರನ್ನೂ ಒಟ್ಟು ಲೆಕ್ಕ ಹಾಕಿ ಜನಸಂಖ್ಯೆ ಹೆಚ್ಚಿತೆಂದು ಹೇಳಿದ ಹಾಗೆ.

ಮರ ನೆಡುವ ಉತ್ಸಾಹ ಏನು ಮಾಡಬಲ್ಲದು ಎಂಬುದಕ್ಕೆ ಉದಾಹರಣೆ ಹುಡುಕಿಕೊಂಡು ಪೋಲೆಂಡಿಗೆ ಹೋಗಬೇಕಾಗಿಯೂ ಇಲ್ಲ. 1974ರಲ್ಲಿ ಕೃಷ್ಣಮೃಗಗಳಿಗಾಗಿ ಘೋಷಿಸಲಾದ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಅಭಯಾರಣ್ಯದಲ್ಲಿ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗಳೂ ಇದ್ದವು. ಅಲ್ಲಿನ ತೆರೆದ ಬಯಲಿನ ದೊಡ್ಡ ಭಾಗವನ್ನು ನೀಲಗಿರಿ ನೆಡುತೋಪುಗಳು ಆವರಿಸಿಕೊಂಡವು. ಇಂದು ಅಲ್ಲಿ ಎರೆಭೂತವಿಲ್ಲ. ರಾಜ್ಯದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಹೊಲಗಳಲ್ಲಿ ಬೆರಳೆಣಿಕೆಯಷ್ಟು ಉಳಿದಿವೆ ಅಷ್ಟೆ. ಒಂದು ಸಲಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುವ, ನೆಲದ ಮೇಲೆಯೇ ಕಾವು ಕೊಡುವ ಆ ಹಕ್ಕಿಯ ಬದುಕಿನ ಲಯ ಪಿಕಳಾರಕ್ಕಿಂತ ಸೂಸ್ಲಿಕ್‌ಗೆ ಹತ್ತಿರವಾದದ್ದು. ಹಕ್ಕಿ, ಅಳಿಲು ಎಂಬ ವಿಂಗಡಣೆಗಿಂತ, ನಷ್ಟವನ್ನು ಬೇಗ ತುಂಬಿಕೊಳ್ಳಬಲ್ಲ ಜೀವಿ ಮತ್ತು ತುಂಬಿಕೊಳ್ಳಲಾಗದ ಜೀವಿ ಎಂಬ ವಿಂಗಡಣೆ ನಮ್ಮ ಯೋಜನೆಗಳಿಗೆ ಹೆಚ್ಚು ಉಪಯುಕ್ತವೆಂದು ನನಗನ್ನಿಸುತ್ತದೆ.

ನಮ್ಮ ಹುಲ್ಲುಗಾವಲಿನಲ್ಲಿ ಸೂಸ್ಲಿಕ್ ಇಲ್ಲ, ನಿಜ. ದಖ್ಖನ್ ಪ್ರಸ್ಥಭೂಮಿಯಲ್ಲಿ ಆ ಬಗೆಯ ನೆಲ ಅಳಿಲುಗಳೇ ಇಲ್ಲ. ನಮ್ಮ ಮೂರು ಪಟ್ಟೆಯ ಅಳಿಲು ಮರ ಮತ್ತು ಮಾಳಿಗೆಯ ಪ್ರಾಣಿ. ಆದರೆ ಆ ಅಳಿಲು ಅಲ್ಲಿ ಮಾಡುವ ಕೆಲಸವನ್ನು ಇಲ್ಲಿ ಬೇರೆಯವು ಮಾಡುತ್ತಿವೆ. ಉದ್ದ ಬಾಲದ ಜರ್ಬಿಲ್ ಎಂಬ ಬಯಲು ಇಲಿ, ಹೊಲದ ಇಲಿಗಳು, ಹುಲ್ಲಿನ ನಡುವೆ ನೆಲದ ಮೇಲೆಯೇ ಮರಿ ಹಾಕುವ ಮೊಲ, ಬಿಲ ಹುಡುಕಿ ಸೇರುವ ಉಡ, ಬಾಲದ ತುದಿ ಕಪ್ಪಾಗಿರುವ ಬಯಲು ನರಿ, ಇವೆಲ್ಲ ಹುಲ್ಲಿನ ಕೆಳಗಿನ ಸಂಸಾರಗಳು. ಚಳಿಗಾಲದಲ್ಲಿ ಮಧ್ಯ ಏಷ್ಯಾ ಕಡೆಯಿಂದ ಹೆಸರಘಟ್ಟಕ್ಕೆ ಬಂದು ನೆಲಕ್ಕೆ ತಾಗುವಂತೆ ತೇಲುತ್ತ ಬೇಟೆಯಾಡುವ ಸೆಳೆವ (ಹ್ಯಾರಿಯರ್) ಹಕ್ಕಿಗಳನ್ನು ನೋಡಲು ನಗರದ ಅರ್ಧ ಛಾಯಾಗ್ರಾಹಕರು ಕ್ಯಾಮೆರಾ ಹೊತ್ತು ಹೋಗುತ್ತಾರೆ. ಆ ಸೆಳೆವ ಹುಡುಕುವ ಆಹಾರದಲ್ಲಿ ಇಲಿಗಳೂ ಇವೆ ಎಂಬುದನ್ನು ಯಾರೂ ಅಷ್ಟಾಗಿ ಯೋಚಿಸುವುದಿಲ್ಲ. ಕರ್ನಾಟಕದಲ್ಲಿ ಬಿಲ ತೋಡಿ ಬದುಕುವ ಇನ್ನೊಂದು ಪ್ರಾಣಿಯಾದ ಚಿಪ್ಪುಹಂದಿ ಈಗಾಗಲೇ ಐಯುಸಿಎನ್‌ನ ಅಳಿವಿನಂಚಿನ ವರ್ಗದಲ್ಲಿದೆ. ಸಾಮಾನ್ಯವಾಗಿ ಒಮ್ಮೆಗೆ ಒಂದೇ ಮರಿ ಹಾಕುವ, ರಾತ್ರಿ ಮಾತ್ರ ಹೊರಬರುವ ಅದು ಬೆಳಗಿನ ಆರು ಗಂಟೆಗೆ ದುರ್ಬೀನು ಹಿಡಿದು ಹೋಗುವ ನಮ್ಮ ಕಣ್ಣಿಗೆ ಬೀಳುವುದಾದರೂ ಹೇಗೆ?

ಜರ್ಬಿಲ್ ಇಂದು ಅಳಿವಿನಂಚಿನಲ್ಲಿಲ್ಲ ಎಂಬುದನ್ನು ನಾನು ಮುಚ್ಚಿಡುತ್ತಿಲ್ಲ. ಹೊಲಕ್ಕೆ ಬಿದ್ದ ಇಲಿಗಳಿಂದ ರೈತರಿಗಾಗುವ ನಷ್ಟವನ್ನೂ ಕಡೆಗಣಿಸುತ್ತಿಲ್ಲ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೇ ತನ್ನ ಐದನೇ ಅನುಸೂಚಿಯಲ್ಲಿ ಕಾಗೆ, ಹಣ್ಣುಬಾವಲಿಗಳ ಜೊತೆ ಇಲಿಗಳನ್ನೂ ಉಪದ್ರವಕಾರಿಗಳೆಂದು ಸೇರಿಸಿತ್ತು. 2022ರ ತಿದ್ದುಪಡಿ ಬರುವವರೆಗೂ ಆ ಅನುಸೂಚಿ ಇತ್ತು. ನಾನು ಕೇಳುತ್ತಿರುವುದು ಹೊಲದ ಇಲಿಗೆ ರಕ್ಷಣೆಯನ್ನಲ್ಲ, ಮೀಸಲು ಪ್ರದೇಶದೊಳಗಿನ ಬಿಲಗಳ ಲೆಕ್ಕವನ್ನು. ಸೂಸ್ಲಿಕ್ ಕೂಡ ಒಂದು ಕಾಲಕ್ಕೆ ಯಾರೂ ಎಣಿಸುವ ಗೋಜಿಗೆ ಹೋಗದಷ್ಟು ಸಾಮಾನ್ಯವಾದ ಉಪದ್ರವಕಾರಿಯಾಗಿತ್ತು.

ಹಕ್ಕಿಗಳಿಗೂ ನೆಲದ ಪ್ರಾಣಿಗಳಿಗೂ ನಾವು ಕೊಡುತ್ತಿರುವ ಗಮನದಲ್ಲಿ ಎಷ್ಟು ಅಂತರವಿದೆ ಎಂಬುದನ್ನು ನೋಡಬೇಕಾದರೆ ಭಾರತದ ಪಕ್ಷಿಗಳ ಸ್ಥಿತಿಗತಿಯ 2023ರ ವರದಿಯನ್ನು ತೆರೆಯಬಹುದು. ಸುಮಾರು 30,000 ಪಕ್ಷಿವೀಕ್ಷಕರು ದಾಖಲಿಸಿದ ಮೂರು ಕೋಟಿ ವೀಕ್ಷಣೆಗಳನ್ನು ಆಧರಿಸಿ ಅದು 942 ಪ್ರಭೇದಗಳ ಸ್ಥಿತಿಯನ್ನು ಪರಿಶೀಲಿಸಿತು. ಈ ವೀಕ್ಷಕರಲ್ಲಿ ಬೆಂಗಳೂರಿನವರ ಪಾಲು ಸಣ್ಣದೇನಲ್ಲ. ಲಾಲ್‌ಬಾಗ್‌ನಲ್ಲಿ ತಿಂಗಳ ಎರಡನೇ ಭಾನುವಾರ ಸೇರಿ ಹಕ್ಕಿ ನೋಡುವ ಪದ್ಧತಿ ಇಲ್ಲಿ ದಶಕಗಳಿಂದ ನಡೆದುಬಂದಿದೆ. ಹೆಸರಘಟ್ಟದ ಪರವಾದ ವಾದಕ್ಕೆ ಬಲ ಬಂದದ್ದೂ ಬಹುಮಟ್ಟಿಗೆ ಇಂಥ ದಾಖಲೆಗಳಿಂದಲೇ ಎಂಬ ಕೃತಜ್ಞತೆ ನನಗಿದೆ. ಆ ವರದಿಯಲ್ಲಿ ದೀರ್ಘಾವಧಿಯ ಏರಿಳಿತವನ್ನು ಲೆಕ್ಕಹಾಕಲು ಸಾಧ್ಯವಾದ 338 ಪ್ರಭೇದಗಳಲ್ಲಿ ಶೇಕಡ 60ರಷ್ಟು ಇಳಿಮುಖವಾಗಿವೆ. ಹುಲ್ಲುಗಾವಲು ಮತ್ತು ತೆರೆದ ಬಯಲುಗಳನ್ನೇ ನೆಚ್ಚಿದ ಹಕ್ಕಿಗಳು ಹೆಚ್ಚು ಪೆಟ್ಟು ತಿಂದ ಗುಂಪುಗಳಲ್ಲಿ ಸೇರಿವೆ, ಎಲ್ಲೆಡೆ ಹೊಂದಿಕೊಳ್ಳಬಲ್ಲ ಹಕ್ಕಿಗಳು ಅವುಗಳಿಗಿಂತ ಚೆನ್ನಾಗಿವೆ. ಅಂದರೆ ಪಕ್ಷಿವೀಕ್ಷಕರೇ ತಮ್ಮ ಎಣಿಕೆಯ ಮೂಲಕ, ಬರೀ ಪ್ರಭೇದಗಳ ಮೊತ್ತವನ್ನು ನಂಬಬೇಡಿ ಎಂದು ಹೇಳಿದ್ದಾರೆ. ಇಲಿ, ಮೊಲ, ಬಯಲು ನರಿಗಳ ಬಗ್ಗೆ ಇದರ ಹತ್ತಿರಕ್ಕೆ ಬರುವ ದಾಖಲೆ ಬೆಂಗಳೂರಿನ ಯಾವ ಹುಲ್ಲುಗಾವಲಿನದ್ದೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಹಾಗೆಂದು ಸಾಮಾನ್ಯ ಹಕ್ಕಿಗಳನ್ನು ಮರೆತುಬಿಡಿ ಎಂದು ಯಾರೂ ಅರ್ಥ ಮಾಡಿಕೊಳ್ಳಬಾರದು. ಸಾಮಾನ್ಯ ಎಂಬುದು ಯಾವ ಜೀವಿಗೂ ಶಾಶ್ವತವಾದ ಪಟ್ಟವಲ್ಲ. ಹಳದಿ ಎದೆಯ ಬಂಟಿಂಗ್ ಎಂಬ ಪುಟ್ಟ ಹಾಡುಹಕ್ಕಿ ಫಿನ್ಲೆಂಡಿನಿಂದ ಜಪಾನಿನವರೆಗೆ ಹರಡಿತ್ತು, ಚಳಿಗಾಲದಲ್ಲಿ ನಮ್ಮ ಈಶಾನ್ಯ ರಾಜ್ಯಗಳಿಗೂ ಬರುತ್ತಿತ್ತು. 2004ರವರೆಗೂ ಕನಿಷ್ಠ ಕಾಳಜಿಯ ವರ್ಗದಲ್ಲಿದ್ದ ಅದು 2008ಕ್ಕೆ ಅಪಾಯದ ವರ್ಗಕ್ಕೆ, 2013ಕ್ಕೆ ಅಳಿವಿನಂಚಿಗೆ, 2017ಕ್ಕೆ ತೀವ್ರ ಅಳಿವಿನಂಚಿಗೆ ಜಾರಿತು. ವಲಸೆಯ ದಾರಿಯಲ್ಲಿ, ಮುಖ್ಯವಾಗಿ ಚೀನಾದಲ್ಲಿ, ಅದನ್ನು ಬಲೆ ಹಾಕಿ ಹಿಡಿದು ತಿಂದದ್ದು ಈ ಕುಸಿತಕ್ಕೆ ದೊಡ್ಡ ಕಾರಣ. ಬ್ರಿಟನ್ನಿನಲ್ಲಿ ಸ್ಕೈಲಾರ್ಕ್‌ಗಳ ಸಂಖ್ಯೆಯೂ 1970ರ ದಶಕದಿಂದೀಚೆಗೆ ಅರ್ಧಕ್ಕಿಂತ ಹೆಚ್ಚು ಕುಸಿದಿದೆ. ವಸಂತದಲ್ಲಿ ಬಿತ್ತುತ್ತಿದ್ದ ಗೋಧಿಯನ್ನು ಹಿಂದಿನ ಶರತ್ಕಾಲದಲ್ಲೇ ಬಿತ್ತತೊಡಗಿದ್ದರಿಂದ, ಎರಡನೆಯ ಮೂರನೆಯ ಗೂಡು ಕಟ್ಟುವ ಹೊತ್ತಿಗೆ ಪೈರು ತೀರ ಎತ್ತರವೂ ದಟ್ಟವೂ ಆಗಿ ಹಕ್ಕಿಗೆ ಇಳಿಯಲು ಜಾಗ ಸಿಗದಾಯಿತು. ಅದಕ್ಕೆ ಅವರು ಕಂಡುಕೊಂಡ ಉಪಾಯ ಸರಳವಾದದ್ದು: ಪ್ರತಿ ಹೆಕ್ಟೇರಿಗೆ ಎರಡರಂತೆ, ಒಂದೊಂದೂ ಸುಮಾರು 16ರಿಂದ 24 ಚದರ ಮೀಟರ್‌ನ ತುಂಡು ನೆಲವನ್ನು ಬಿತ್ತದೆ ಬಿಡುವುದು. ಗೂಡುಗಳ ಬಗ್ಗೆ, ಎಷ್ಟನೆಯ ಗೂಡು ಯಾವ ತಿಂಗಳಲ್ಲಿ ಸೋಲುತ್ತಿದೆ ಎಂಬುದರ ಬಗ್ಗೆ ವರ್ಷಗಟ್ಟಲೆ ಟಿಪ್ಪಣಿ ಮಾಡಿದ್ದರಿಂದ ಆ ಉಪಾಯ ಹೊಳೆಯಿತು. ಬರೀ ಹಕ್ಕಿ ಇದೆ, ಇಲ್ಲ ಎಂದು ಬರೆದಿದ್ದರೆ ಅದು ಗೊತ್ತಾಗುತ್ತಿರಲಿಲ್ಲ.

ಆದ್ದರಿಂದ ಕೆಲವು ಕೋರಿಕೆಗಳನ್ನು ತಮ್ಮ ಮುಂದಿಡುತ್ತೇನೆ. ಹೆಸರಘಟ್ಟದ ನಿರ್ವಹಣಾ ಯೋಜನೆ ಅಂತಿಮಗೊಳ್ಳುವ ಮೊದಲು ಅಲ್ಲಿ ಗುರುತು ಹಾಕಿದ ಕಾಯಂ ತುಂಡುಗಳನ್ನು ಮಾಡಿ, ಮುಂಗಾರಿಗೆ ಮುನ್ನ ಒಮ್ಮೆ ಮತ್ತು ಹಿಂಗಾರು ಮುಗಿದ ಮೇಲೆ ಒಮ್ಮೆ ಬಿಲಗಳನ್ನು ಎಣಿಸುವ ಏರ್ಪಾಡು ಆಗಬೇಕು. ಇದಕ್ಕೆ ದುಬಾರಿ ಉಪಕರಣ ಬೇಕಿಲ್ಲ. ಸಂಜೆ ಬಿಲದ ಬಾಯಿಗಳನ್ನು ಮಣ್ಣಿನಿಂದ ಮುಚ್ಚಿ, ಬೆಳಗ್ಗೆ ಹೋಗಿ ಎಷ್ಟು ತೆರೆದಿವೆ ಎಂದು ನೋಡುವ ಕ್ರಮವನ್ನು ಇಲಿಗಳ ಹತೋಟಿಗಾಗಿ ಕೃಷಿ ಇಲಾಖೆಯವರು ರೈತರಿಗೆ ಹೇಳಿಕೊಡುತ್ತಲೇ ಬಂದಿದ್ದಾರೆ. ಕೊಲ್ಲಲು ಕಲಿತ ಎಣಿಕೆಯನ್ನೇ ಉಳಿಸಲೂ ಬಳಸಬಹುದು. ಕಣಜದ ಗೂಬೆಗಳು ಕಾರಿದ ಉಂಡೆಗಳನ್ನು ಸಂಗ್ರಹಿಸಿ ಬಿಡಿಸಿದರೆ, ಅದರೊಳಗಿನ ತಲೆಬುರುಡೆ ಮತ್ತು ಹಲ್ಲುಗಳಿಂದ ಆ ಸುತ್ತಿನಲ್ಲಿ ಯಾವ ಯಾವ ಸಣ್ಣ ಸಸ್ತನಿಗಳಿವೆ ಎಂಬುದು ತಿಳಿಯುತ್ತದೆ. ಹತ್ತಿರದ ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗಗಳಿಗೆ ಇದು ಒಳ್ಳೆಯ ಪ್ರಾಯೋಗಿಕ ಪಾಠವೂ ಆದೀತು. ನರಿ, ಮೊಲಗಳಿಗೆ ಹುಲಿ ಗಣತಿಯಲ್ಲಿ ಬಳಸುವಂಥ ಕ್ಯಾಮೆರಾಗಳೇ ಸಾಕು, ಅವುಗಳನ್ನು ಮೊಣಕಾಲಿಗಿಂತ ಕೆಳಗೆ ಕಟ್ಟಬೇಕಷ್ಟೆ.

ಹಕ್ಕಿಗಳ ಪಟ್ಟಿಯನ್ನು ಬಿಡುವುದು ಬೇಡ, ಅದನ್ನು ಒಡೆದು ಬರೆಯೋಣ. ಹುಲ್ಲಿನಲ್ಲೇ ಗೂಡು ಮಾಡುವವು, ಹುಲ್ಲಿನಲ್ಲಿ ಚಳಿಗಾಲ ಕಳೆಯುವವು, ಮರ ಮತ್ತು ತೋಟಗಳ ಜೊತೆ ಬಂದು ಸೇರುವವು ಎಂದು ಬೇರೆ ಬೇರೆ ಕಾಲಂಗಳಿರಲಿ. ವರದಿಯ ಮುಖಪುಟದಲ್ಲಿ ಹಾಕುವ ಸಂಖ್ಯೆ ಮೊದಲನೆಯ ಕಾಲಂನದ್ದಾಗಿರಲಿ. ಮೂರನೆಯ ಕಾಲಂ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದ್ದರೆ ಅದನ್ನು ಯಶಸ್ಸೆಂದು ಎಣಿಸದೆ ಎಚ್ಚರಿಕೆಯೆಂದು ಓದಬೇಕು. ಜೀವವೈವಿಧ್ಯ ಮಂಡಳಿಯವರಲ್ಲಿ ಪ್ರತ್ಯೇಕವಾಗಿ ಕೇಳಿಕೊಳ್ಳುವುದೇನೆಂದರೆ, 2002ರ ಜೈವಿಕ ವೈವಿಧ್ಯ ಕಾಯ್ದೆಯ ಅಡಿಯಲ್ಲಿ ಪಂಚಾಯಿತಿಗಳು ಮತ್ತು ನಗರ ಸ್ಥಳೀಯ ಸಂಸ್ಥೆಗಳು ಸಿದ್ಧಪಡಿಸುವ ಜನತಾ ಜೀವವೈವಿಧ್ಯ ದಾಖಲಾತಿಗಳಲ್ಲಿ ಬಿಲವಾಸಿಗಳ ವಿಭಾಗವನ್ನು ಖಾಲಿ ಬಿಡದಂತೆ ಸೂಚನೆ ನೀಡಬೇಕು. ಬೆಂಗಳೂರು ಉತ್ತರ, ದೊಡ್ಡಬಳ್ಳಾಪುರ, ನೆಲಮಂಗಲ ಭಾಗದ ಕುರಿಗಾಹಿಗಳಿಗೆ ಯಾವ ದಿಣ್ಣೆಯಲ್ಲಿ ನರಿ ಮರಿ ಹಾಕುತ್ತದೆ, ಯಾವ ವರ್ಷ ಮೊಲ ಕಡಿಮೆಯಾಯಿತು ಎಂಬುದು ಗೊತ್ತಿರುತ್ತದೆ. ಸಮೀಕ್ಷಕರು ಅವರ ಬಳಿ ಕುಳಿತು ಕೇಳಿ ಬರೆದುಕೊಳ್ಳಬೇಕು.

ಮೇವಿನ ಪ್ರಶ್ನೆಯೂ ಇದಕ್ಕೇ ಸೇರಿದ್ದು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 36-ಬಿ ಪ್ರಕರಣವು ಸಂರಕ್ಷಣಾ ಮೀಸಲು ಪ್ರದೇಶದ ನಿರ್ವಹಣಾ ಸಮಿತಿಯಲ್ಲಿ ಅರಣ್ಯಾಧಿಕಾರಿಗಳ ಜೊತೆಗೆ ಆಯಾ ಗ್ರಾಮ ಪಂಚಾಯಿತಿಗಳ ಪ್ರತಿನಿಧಿಗಳು, ವನ್ಯಜೀವಿ ಸಂರಕ್ಷಣೆಯಲ್ಲಿ ತೊಡಗಿರುವ ಸಂಸ್ಥೆಗಳ ಮೂವರು, ಕೃಷಿ ಮತ್ತು ಪಶುಸಂಗೋಪನಾ ಇಲಾಖೆಗಳ ತಲಾ ಒಬ್ಬರು ಇರಬೇಕೆಂದು ಹೇಳುತ್ತದೆ. ಕಾನೂನು ಮಾಡಿದವರು ಪಶುಸಂಗೋಪನೆಯನ್ನು ಸೇರಿಸಿದ್ದು ಹೆಸರಘಟ್ಟದ ಮಟ್ಟಿಗೆ ಬಹಳ ಹೊಂದಿಕೆಯಾಗುತ್ತದೆ. ಯಾವ ತುಂಡನ್ನು ಎಷ್ಟು ತಿಂಗಳು ಮೇಯಿಸಬೇಕು, ಯಾವುದನ್ನು ನೆಲಗುಬ್ಬಿ ಗೂಡು ಕಟ್ಟುವ ಕಾಲದಲ್ಲಿ ಬಿಡಬೇಕು ಎಂಬುದನ್ನು ಆ ಸಮಿತಿ ಬಿಲದ ಲೆಕ್ಕವನ್ನೂ ಗೂಡಿನ ಲೆಕ್ಕವನ್ನೂ ಮುಂದಿಟ್ಟುಕೊಂಡು ತೀರ್ಮಾನಿಸಲಿ. ಪರಿಹಾರಾತ್ಮಕ ಅರಣ್ಯೀಕರಣದ ಹೆಸರಿನಲ್ಲಾಗಲಿ, ಪರಿಸರ ದಿನದ ಸಸಿ ನೆಡುವ ಕಾರ್ಯಕ್ರಮಗಳ ಹೆಸರಿನಲ್ಲಾಗಲಿ ಮೀಸಲು ಪ್ರದೇಶದ ತೆರೆದ ಹುಲ್ಲಿನೊಳಗೆ ಒಂದೂ ಗುಂಡಿ ತೋಡದಂತೆ ಯೋಜನೆಯಲ್ಲಿಯೇ ಸ್ಪಷ್ಟವಾಗಿ ಬರೆಯಬೇಕು. ತುಮಕೂರು ಜಿಲ್ಲೆಯ ಮೈದನಹಳ್ಳಿಯಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶ 2007ರಿಂದಲೂ ಇದೆ; ಎರಡೂ ಕಡೆ ಒಂದೇ ಕ್ರಮದಲ್ಲಿ ಎಣಿಕೆ ನಡೆದರೆ ಹೋಲಿಸಿ ನೋಡಲು ಅನುಕೂಲವಾಗುತ್ತದೆ.

ಎಣಿಕೆಯ ಮೂಲ ಅಂಕಿಗಳನ್ನು ಪ್ರತಿ ವರ್ಷ ಕನ್ನಡದಲ್ಲಿ ಸಾರ್ವಜನಿಕರಿಗೆ ಸಿಗುವಂತೆ ಪ್ರಕಟಿಸಬೇಕೆಂಬುದು ನನ್ನ ಕೊನೆಯ ಕೋರಿಕೆ. ತಮ್ಮೆರಡೂ ಕಚೇರಿಗಳು ಮಲ್ಲೇಶ್ವರದ 18ನೇ ಅಡ್ಡರಸ್ತೆಯಲ್ಲಿಯೇ ಇರುವುದರಿಂದ ಕಡತವೊಂದು ಅಲ್ಲಿಂದ ಇಲ್ಲಿಗೆ ಬರಲು ಬಹಳ ಕಾಲ ಹಿಡಿಯಲಾರದು ಎಂದು ಭಾವಿಸಿದ್ದೇನೆ. ಮುಂದಿನ ಮುಂಗಾರಿನ ಮೊದಲು ಬಿಲ ಎಣಿಕೆಯ ಮೊದಲ ಸುತ್ತು ನಡೆಯುವುದಾದರೆ, ತುಂಡುಗಳಿಗೆ ಗುರುತು ಹಾಕುವುದರಿಂದ ಹಿಡಿದು ಗೂಬೆಯ ಉಂಡೆ ಬಿಡಿಸುವವರೆಗಿನ ಯಾವ ಕೆಲಸಕ್ಕಾದರೂ ಬರಲು ನಾನೂ, ನನ್ನೊಡನೆ ಪಕ್ಷಿ ಗಣತಿಗೆ ಬರುವ ಗೆಳೆಯರೂ ಸಿದ್ಧರಿದ್ದೇವೆ. ದಿನಾಂಕವನ್ನು ತಿಳಿಸಬೇಕೆಂದು ವಿನಂತಿ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಉತ್ತರ ಬೆಂಗಳೂರಿನ ಒಬ್ಬ ಪಕ್ಷಿ ಗಣತಿ ಸ್ವಯಂಸೇವಕ